ಮೂರು ನಿಮಿಷ

ಹಾವಿಗೆ ಹಾಲೆರೆಯುವುದು ನನ್ನ ಕೆಲಸ.
ಭಾನುವಾರವೂ ಉಂಟು, ಹಿಮ ಬಿದ್ದ ದಿನವೂ ಉಂಟು.
ಗುಲಾಬಿ ಬಣ್ಣದ ದ್ರವ, ಮೈಯಷ್ಟೇ ಬಿಸಿ.
ನಾಲ್ಕು ದಿನ ಮರೆತರೆ ಸಾಕು,
ಲೊರೀನಮ್ಮನ ಎದೆಯೊಳಗೆ
ಯಾವ ಮದ್ದಿಗೂ ಜಗ್ಗದ ಈ ಜೀವಕೋಶಗಳು
ನನ್ನ ಬಾಟಲಿಯಲ್ಲಿ ಸುಮ್ಮನೆ ಸತ್ತುಹೋಗುತ್ತವೆ.

ಇವತ್ತು ಅವನ್ನು ಗೆಳತಿಗೆ ಒಪ್ಪಿಸಿ
ಅಕ್ಕನ ಕೋಟು ತೊಟ್ಟು ಫ್ರಾಂಕ್‌ಫರ್ಟಿಗೆ ಬಂದೆ
(ಜರ್ಮನಿಯದಲ್ಲ, ಕೆಂಟಕಿಯದು,
ನದಿ ಮಗ್ಗುಲು ಬದಲಿಸುವಲ್ಲಿ ಇರುವ ಪುಟ್ಟ ರಾಜಧಾನಿ).
ಶಾಸನಸಭೆಯ ಎರಡನೆಯ ಮಹಡಿ, ಬಜೆಟ್ ಸಮಿತಿ.
ನನಗಿಂತ ಮುಂದೆ ಒಂದು ಸೇತುವೆ, ಕುದುರೆ ರೇಸಿನವರು,
ಶಾಲಾ ಬಸ್ಸಿನ ಬ್ರೇಕು.
ಎಲ್ಲರದೂ ನ್ಯಾಯವೇ.

ಮೇಜಿನ ಮೇಲೊಂದು ಪುಟ್ಟ ದೀಪ: ಹಸಿರು, ಹಳದಿ, ಕೆಂಪು.
ಹೆಸರು ಹೇಳಿ.
ಟ್ವಾಯ್ಲಾ ಸ್ಟಿಡಮ್. ಲ್ಯಾಬಿನವಳು.
ಮೂರು ನಿಮಿಷ.

ಸ್ವಾಮಿ, ನಮ್ಮ ಹಣ ಸಿಗರೇಟಿನ ತೆರಿಗೆಯಿಂದ ಬರುತ್ತದೆ,
ಪ್ಯಾಕಿಗೆ ಇಷ್ಟು ಸೆಂಟು ಅಂತ.
ಹೋದ ವರ್ಷ ಸೇದುವವರು ಕಡಿಮೆಯಾದರು.
'ಒಳ್ಳೆಯ ಸುದ್ದಿಯಲ್ಲವೇ?' ಅಂದರು ಕಾರ್ನೆಟ್ ಸಾಹೇಬರು
ಕನ್ನಡಕದ ಮೇಲಿಂದ ನೋಡುತ್ತ.
ಹೌದು, ಒಳ್ಳೆಯ ಸುದ್ದಿ.
ಹಾಗಾಗಿ ಇಬ್ಬರು ಹುಡುಗರನ್ನು ಮನೆಗೆ ಕಳಿಸಿದೆವು,
ಒಂದು ಫ್ರೀಜರ್ ಆರಿಸಿದೆವು.

ಮಿಕ್ಕಿದ್ದು ಹೇಳಲಿಲ್ಲ.
ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ
ಮೀಸೆ ಚಿಗುರದ ಹುಡುಗನೊಬ್ಬ
ಎರಡು ಪ್ಯಾಕು ಕೊಂಡ.
ಒಂದು ಗಳಿಗೆ, ಒಂದೇ ಗಳಿಗೆ,
ನನಗೆ ಹಿತವಾಯಿತು.
ಹಿಂದೆಯೇ ಹೊಟ್ಟೆ ತೊಳೆಸಿತು; ಕಾರಿನಲ್ಲಿ
ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ.

ನಮ್ಮಪ್ಪನೂ ಹೊಗೆಸೊಪ್ಪು ಒಣಹಾಕಿದವನೇ,
ಕಪ್ಪು ಬಳಿದ ಕೊಟ್ಟಿಗೆಯಲ್ಲಿ, ತೊಲೆಯಿಂದ ತೊಲೆಗೆ ಕಾಲು ಚಾಚಿ.
ಅದರ ದುಡ್ಡಲ್ಲೇ ನಾನು ಓದಿದ್ದು.
ಕೊಡಲಿಯ ಕಾವು ನಾನು; ಯಾರ ಕುಲಕ್ಕೆ, ಗೊತ್ತಿಲ್ಲ.

ಹಳದಿ.
'ಎಷ್ಟು ವರ್ಷ ಬೇಕು ನಿಮಗೆ?' ಕೇಳಿದಳು ಕೊನೆಯ ಕುರ್ಚಿಯ ಹೆಂಗಸು,
ನಿಜವಾಗಿ ತಿಳಿಯಬೇಕೆಂಬಂತೆ.
ಹತ್ತು ಅಂದೆ. ಎರಡೆರಡರ ಐದು ಕಂತಲ್ಲ ತಾಯಿ,
ಇಡಿಯ ಹತ್ತು.
ಪ್ರತಿ ಜೂನಿನಲ್ಲೂ ಪೆಟ್ಟಿಗೆ ಕಟ್ಟಿ
ಜುಲೈನಲ್ಲಿ ಬಿಚ್ಚುವವರ ಕೈಯಲ್ಲಿ
ಯಾವುದೂ ಮೊಳೆಯುವುದಿಲ್ಲ. ಸೇದುವವರ ಲೆಕ್ಕ ಬಿಟ್ಟು
ಬೇರೆ ಕಡೆಯಿಂದ ಕೊಡಿ. ಸೇತುವೆಗೆ ಕೊಟ್ಟಂತೆ ಕೊಡಿ.
ಕೆಂಪು.

ವಂದನೆಗಳು, ಅಂದರು. ಮುಂದಿನ ಗುರುವಾರ ನೋಡೋಣ, ಅಂದರು.
ನನ್ನ ಹಿಂದೆ ಜೇನು ಸಾಕುವವರ ಸಂಘ ನಿಂತಿತ್ತು.

ರಾತ್ರಿ ಹತ್ತೂವರೆಗೆ ಲ್ಯಾಬಿಗೆ ಬಂದೆ, ಕೋಟು ಬಿಚ್ಚದೆ
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ಲೊರೀನಮ್ಮ ಹೋಗಿ ಆರು ವರ್ಷ.
ಬೆಳಗ್ಗೆ ಅಲ್ಲೊಂದು ಇಲ್ಲೊಂದು ಇದ್ದವು
ಈಗ ಒಂದಕ್ಕೊಂದು ತಾಗಿಕೊಂಡಿವೆ.
ಹಳೆಯದನ್ನು ಹೀರಿ ತೆಗೆದು ಹೊಸದು ಎರೆದೆ.
ಬಾಟಲಿಯಲ್ಲಿ ಇನ್ನು ಎರಡು ಬೆರಳಿನಷ್ಟಿದೆ.
ಗುರುವಾರದವರೆಗೆ ಆಗುತ್ತದೆ.