ಕರೆ ಬಂದ ಊರುಗಳು

ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹಾಸಿದ್ದೇವೆ.
ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ನನ್ನ ಬಿಪಿ ಮಾತ್ರೆ.
ಪೆಸಿಫಿಕ್ ಸಾಗರ ಮಾತ್ರ ಹೇಳಿದ ಮಾತು ಕೇಳದೆ
ಸುರುಳಿ ಸುತ್ತಿಕೊಂಡು ಆರೆಗಾನಿನ ಮೇಲೆ ಬೀಳುತ್ತದೆ.

ಒಹಾಯೊದಿಂದ ಅಲ್ಲಿಗೆ ಎಂಟು ರಾಜ್ಯ,
ಯೂಟಾದ ಮೂಲೆ ಸವರಿದರೆ ಒಂಬತ್ತು.
ನನಗೆ ನಕಾಶೆ ಬೇಕಿಲ್ಲ. ಮೂವತ್ತೊಂದು ವರ್ಷ
ಹದಿನೆಂಟು ಚಕ್ರದ ಮೇಲೆ ಕೂತು ಓಡಿಸಿದ ದಾರಿ.
ಎಲ್ಲಿ ಲಾರಿ ತೂಗುತ್ತಾರೆ, ಎಲ್ಲಿ ಡೀಸೆಲ್ ಎರಡು ಸೆಂಟು ಅಗ್ಗ,
ಯಾವ ಇಳಿಜಾರಿನಲ್ಲಿ ಬ್ರೇಕು ಕಮಟು ನಾರುತ್ತದೆ,
ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳುತ್ತೇನೆ.

"ಸರಿ," ಅನ್ನುತ್ತಾಳೆ ಅರ್ಡೆಲ್, ಪೆನ್ಸಿಲಿನ ತುದಿ ಕಚ್ಚಿ,
"ಅಯೋವಾದಲ್ಲಿ ನೋಡುವಂಥದ್ದು ಏನಿದೆ?"
ಜೋಳ.
"ಮತ್ತೆ?"
ಕತ್ತಲೆ. ನಾನು ಅಯೋವಾ ದಾಟುತ್ತಿದ್ದದ್ದು ಯಾವಾಗಲೂ ರಾತ್ರಿ.
"ನೆಬ್ರಾಸ್ಕಾ?"
ಅಲ್ಲಿ ತೂಕಡಿಕೆ. ಕಿಟಕಿ ಇಳಿಸಿ, ಸೂರ್ಯಕಾಂತಿ ಬೀಜ ಜಗಿದು
ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುತ್ತಿದ್ದ ರಾಜ್ಯ ಅದು.
ಅವಳು ನಗಲಿಲ್ಲ. ಬರೆದುಕೊಂಡಳು.

ನದಿಗಳಿದ್ದವು, ಇಲ್ಲವೆನ್ನುವುದಿಲ್ಲ.
ಚಕ್ರದ ಸದ್ದು ಬದಲಾದರೆ ಸೇತುವೆ,
ಸೇತುವೆ ತುಂಬ ಹೊತ್ತು ಮುಗಿಯದಿದ್ದರೆ ಮಿಸಿಸಿಪ್ಪಿ.
ನೀರಿನ ಬಣ್ಣ ಕೇಳಬೇಡಿ.
ಕಣ್ಣಿಗೆ ಪಟ್ಟಿ ಕಟ್ಟಿದ ಗಾಣದೆತ್ತು ಸುತ್ತಿದ್ದೂ ದೂರವೇ.

ಎದುರುಮನೆಯ ಹುಡುಗ ಟೋಬಿಯಾಸ್
(ನಾವಿಲ್ಲದಾಗ ಟೊಮೆಟೊಗೆ ನೀರು ಹಾಕುವವನು)
ಒಂದು ಪಟ್ಟಿ ಕೊಟ್ಟಿದ್ದಾನೆ, ನಿಲ್ಲಲೇಬೇಕಾದ ತಾಣಗಳು:
ಸಿಮೆಂಟಿನ ಡೈನೊಸಾರು, ಬಾಟಲಿಗಳಲ್ಲಿ ಕಟ್ಟಿದ ಚರ್ಚು,
ಹನ್ನೆರಡು ಬಗೆಯ ಪೈ ಸಿಗುವ ಹೋಟೆಲು.
ಪೈ ಇರಲಿ, ಎಂದೆ.

ಆಗ ಅವಳು ಎದ್ದು, ಹಿಟ್ಟಿನ ಡಬ್ಬಿಯ ಹಿಂದಿನಿಂದ
ರಬ್ಬರ್ ಬ್ಯಾಂಡು ಹಾಕಿದ ಒಂದು ಕಟ್ಟು ತಂದಳು.
ಶಾಲೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದವಳು,
ಹಳೆಯ ಊಟದ ಪಟ್ಟಿಗಳ ಬೆನ್ನಿಗೆ ಬರೆದಿಟ್ಟಿದ್ದಾಳೆ
ನನ್ನ ಒಂದೊಂದು ಫೋನು:

ಎಂಬತ್ತಮೂರು, ಮಾರ್ಚ್. ಗ್ರ್ಯಾಂಡ್ ಐಲೆಂಡ್. ಹಲ್ಲುನೋವು. ತಿಂದದ್ದು ಬರೀ ಗಂಜಿ.
ಎಂಬತ್ತಾರು. ಬೇಕರ್ ಸಿಟಿ. ಚಂದ್ರ ದೊಡ್ಡದಿದೆಯಂತೆ. ಮೊಟ್ಟೆ, ಬ್ರೆಡ್ಡು.
ಅದೇ ವರ್ಷ. ಲಾಸಾಲ್. ಜಗಳ. ಏನು ತಿಂದ ಎಂದು ಕೇಳಲಿಲ್ಲ.

"ಇಲ್ಲೆಲ್ಲ ನಿಲ್ಲೋಣ," ಅಂದಳು.
ಹುಚ್ಚೀ, ಆ ಫೋನುಗಳನ್ನೆಲ್ಲ ಯಾವತ್ತೋ ಕಿತ್ತು ಒಯ್ದರು,
ಈಗ ಬರೀ ಗೋಡೆ, ಗೋಡೆಯಲ್ಲಿ ಮೊಳೆಯ ನಾಲ್ಕು ತೂತು.
"ತೂತು ನೋಡೋಣ.
ನನ್ನ ಕಿವಿ ಹೋಗಿಬಂದ ಊರುಗಳಿಗೆ
ಕಾಲೂ ಒಮ್ಮೆ ಹೋಗಲಿ."

ಹನ್ನೊಂದು ದಿನ ಅಂದುಕೊಂಡದ್ದು ಹತ್ತೊಂಬತ್ತಾಯಿತು.
ಸೈಲೆನ್ಸರು ಬದಲಿಸಬೇಕು, ಸೊಂಟಕ್ಕೊಂದು ದಿಂಬು ಬೇಕು,
ಲೆಕ್ಕ ಹಾಕುತ್ತಿದ್ದೆ. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.
ತಾರೀಕಿದೆ, ಎಂಬತ್ತೊಂಬತ್ತು, ಫೆಬ್ರವರಿ ಮೂರು.
ಮುಂದೆ ಖಾಲಿ.

ವಯೋಮಿಂಗ್. ಹಿಮ ಸುರಿದು ರಸ್ತೆ ಮುಚ್ಚಿದ ರಾತ್ರಿ.
ತಂತಿ ಹರಿದಿತ್ತು ಎಂದು ಮರುದಿನ ಮಧ್ಯಾಹ್ನ ಹೇಳಿದ್ದೆ.
ತಂತಿ ಹರಿದಿರಲಿಲ್ಲ.
ಒಂದೇ ಫೋನು, ಮುಂದೆ ಒಂಬತ್ತು ಜನ ಡ್ರೈವರುಗಳು,
ಜೇಬಿನಲ್ಲಿ ಚಿಲ್ಲರೆಯೂ ಇತ್ತು. ನಿಲ್ಲಲಾರದಷ್ಟು ದಣಿವೇ?
ಇರಬಹುದು. ಮೂವತ್ತು ವರ್ಷದಿಂದ ದಣಿವು ಅಂತಲೇ ಹೇಳಿಕೊಂಡಿದ್ದೇನೆ.

"ಇದು ಯಾವ ಊರು?"
ಲಾರಮಿಗೂ ರಾಲಿನ್ಸಿಗೂ ನಡುವೆ, ಹೆಸರಿಲ್ಲದ ತಿರುವೊಂದರಲ್ಲಿ
ನನ್ನ ಬೆರಳು ಇಟ್ಟೆ. ಅವಳು ಸುತ್ತ ಗೆರೆ ಎಳೆದಳು.
"ಇಲ್ಲಿ ಎರಡು ರಾತ್ರಿ."

ಪೆಸಿಫಿಕ್ ಮತ್ತೆ ಸುರುಳಿ ಸುತ್ತಿಕೊಂಡು ಬಿತ್ತು.
ಇಬ್ಬರೂ ಎತ್ತಲಿಲ್ಲ.

"ಆವತ್ತು ಏನು ತಿಂದೆ?"
ಬೀನ್ಸ್ ಸೂಪು.
"ಬಿಸಿಯಿತ್ತಾ?"
ಇತ್ತು.

ಖಾಲಿ ಜಾಗದಲ್ಲಿ ಬರೆದಳು, ನಿಧಾನವಾಗಿ, ಒತ್ತಿ:
ಬೀನ್ಸ್ ಸೂಪು. ಬಿಸಿ.