ಮೂರೋ ಎಂಟೋ

ಗ್ಲಾಸ್ಗೋದಿಂದ ಬಂದ ಕಾಗದದಲ್ಲಿ
ಎರಡು ಎಂಜಿನ್ನುಗಳ ಹುಟ್ಟಿದ ದಿನ ಇದೆ.
ಒಂದರದು ಮಂಗಳವಾರ, ಇನ್ನೊಂದರದು ಮಳೆ ಬಿದ್ದ ಶುಕ್ರವಾರ.
ಬಾಯ್ಲರಿನ ಸುತ್ತಳತೆ, ಗಾಲಿಯ ಎತ್ತರ,
ಬಣ್ಣ ಹಚ್ಚಿದವನ ಸಹಿ, ಹಡಗಿನ ಹೆಸರು, ಮುಂಬಯಿ ಬಂದರು.
ಆಮೇಲೆ ಗೆರೆ ಎಳೆದ ಖಾಲಿ ಮನೆಗಳು.

ಆ ಖಾಲಿ ಮನೆಗಳ ಹೆಸರು ಶಹಾಬಾದ.
ಅಲ್ಲಿ ಮೂವತ್ತೊಂದು ವರ್ಷ
ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು
ಬಂದವರ, ಹೋದವರ ಹೊತ್ತು ಬರೆದೆ.
ಎಂಜಿನ್ನಿಗೆ ಹಾಜರಿ ಪುಸ್ತಕ ಇರಲಿಲ್ಲ.

ಒಂದಕ್ಕೆ ದೊಡ್ಡಾಕಿ ಅಂತಿದ್ದರು, ಇನ್ನೊಂದಕ್ಕೆ ಸಣ್ಣಾಕಿ.
ಅಳತೆಯಲ್ಲಿ ಕೂದಲೆಳೆ ಫರಕಿಲ್ಲ.
ಮೊದಲು ಬಂದಾಕಿ ದೊಡ್ಡಾಕಿ, ಅಷ್ಟೇ,
ಒಂದೇ ಮನೆಗೆ ಕೊಟ್ಟ ಅಕ್ಕತಂಗಿಯರ ಲೆಕ್ಕ.
ಖದಾನಿನಿಂದ ಭಟ್ಟಿಗೆ ಮೂರು ಮೈಲಿ,
ಸುಣ್ಣಗಲ್ಲು ಹೇರಿದ ಹನ್ನೆರಡು ಡಬ್ಬಿ,
ಕಾಗಿಣಾದ ನೀರು ಕುಡಿದೂ ಕುಡಿದೂ
ಇಬ್ಬರ ಹೊಟ್ಟೆಯೊಳಗೂ ಸುಣ್ಣ ಕಟ್ಟುತ್ತಿತ್ತು.
ಫಿಟ್ಟರ್ ಲಾಲೆಸಾಬ ಒಳಗೆ ತೂರಿ
ಉಳಿ ಸುತ್ತಿಗೆಯಿಂದ ಪದರ ಪದರ ಕೆತ್ತಿ ತೆಗೆಯುತ್ತಿದ್ದ:
‘ಹೊರಗೂ ಫರ್ಸಿ, ಒಳಗೂ ಫರ್ಸಿ.
ಈ ಊರ ನೀರು ಕಲ್ಲು ಹಡೀತದ ನೋಡ್ರಿ.’

ಒಬ್ಬಾಕೆಯನ್ನು ಗ್ಯಾಸಿನಿಂದ ಕೊಯ್ದು ಲಾರಿಗೆ ತುಂಬಿದರು.
ಒಬ್ಬಾಕೆ ಹಳೇ ಖದಾನಿನ ತಳದಲ್ಲಿದ್ದಾಳೆ.
ಪಂಪು ಕೆಟ್ಟ ಮಳೆಗಾಲ ನೀರು ಏರಿತು, ಯಾರೂ ಎಳೆಯಲಿಲ್ಲ.
ಯಾರು ಲಾರಿಗೆ, ಯಾರು ನೀರಿಗೆ?
ಕಾಗದದವರು ಕೇಳುವುದು ಇಷ್ಟೇ,
ಬಹಳ ವಿನಯದಿಂದ, ಸಾಧ್ಯವಾದರೆ, ಖಚಿತವಾಗಿ.

ಲಾಲೆಸಾಬ ನಕ್ಕ.
‘ಇಕಿ ಗಾಲಿ ಆಕಿಗೆ ಹಾಕೀವಿ, ಆಕಿ ಸಿಲಿಂಡರ್ ಇಕಿಗೆ.
ಖಚಿತ ಎಲ್ಲಿಂದ ತರಲಿ?
ಸೀಟಿ ಮಾತ್ರ ಮುಟ್ಟಲಿಲ್ಲ ಸಾಹೇಬ್ರ,
ಸೀಟಿ ಬದಲಾದರ ಯೇಸುಮಿತ್ರ ಊಟ ಬಿಡ್ತಿದ್ದ.’

ಡ್ರೈವರ್ ಯೇಸುಮಿತ್ರ ಈಗಿಲ್ಲ.
ದೀನಮ್ಮ ಇದ್ದಾಳೆ. ಮತ್ತು ಫಲಕ:
ಎರಡು ಅಂಗೈಯಷ್ಟು ಹಿತ್ತಾಳೆ, ತತ್ತಿಯ ಆಕಾರ,
ಜೋಳದ ಹಿಟ್ಟಿನ ಡಬ್ಬಿಯ ಮೇಲೆ, ಇಲಿ ಮುಚ್ಚಳ ಎತ್ತದಂತೆ.
ನೀರು ಏರಿದ ರಾತ್ರಿ ಪಾನಾ ಹಿಡಿದು ಹೋಗಿ
ಎದೆಮಟ ಒದ್ದೆಯಾಗಿ ಬಿಚ್ಚಿ ತಂದದ್ದಂತೆ.
‘ಯಾವ ಗಾಡೀದಮ್ಮ ಇದು?’
‘ಅವರ ಗಾಡೀದು’ ಅಂದಳು.
ಇನ್ನೊಂದು ಗಾಡಿ ಅವಳ ಲೆಕ್ಕದಲ್ಲೇ ಇಲ್ಲ.

ಹಾಳೆ ಇಟ್ಟು, ಪೆನ್ಸಿಲ್ ಮಲಗಿಸಿ ಉಜ್ಜಿದೆ.
ದೂರದ ಊರು ಅರ್ಧ ಎದ್ದಿತು.
ಒಂದು. ಏಳು. ಐದು.
ನಾಲ್ಕನೆಯ ಅಂಕಿ 3 ಇರಬಹುದು, 8 ಇರಬಹುದು.
ಪ್ರತಿ ಶನಿವಾರ ಸಂಜೆ, ಸಾಯುವ ತನಕ,
ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದನಂತೆ,
ಚರ್ಚಿಗೆ ಹೊರಟ ಕೂಸಿನ ಮುಖ ತೊಳೆದ ಹಾಗೆ.
ಕಿಲುಬು ಹಿಡಿಯಲು ಬಿಟ್ಟಿದ್ದರೆ ಅಂಕಿ ಉಳಿಯುತ್ತಿತ್ತು.

ಇವತ್ತು ಖದಾನಿನ ದಂಡೆಗೆ ಬಂದಿದ್ದೇನೆ.
ಈಜುವ ಹುಡುಗರಿಗೆ ಅದು ಎಂಜಿನ್ನಲ್ಲ,
ನಡುನೀರಿನಲ್ಲಿ ಕಾಲೂರಿ ದಮ್ಮು ತಗೊಳ್ಳುವ ಜಾಗ.
ಶರಣ್ಯಾ ಎಂಬವ ಹಸಿರು ರಾಡಿ ಬಳಿದುಕೊಂಡು ಎದ್ದ:
‘ಗಾಲಿ ದಂಡದ ಮ್ಯಾಲ ಕೆತ್ತೀದ್ದು ಬೆರಳಿಗೆ ಹತ್ತತದ್ರೀ.’
ದಂಡ ಇಕಿದೋ ಆಕಿದೋ, ಅದು ಲಾಲೆಸಾಬನಿಗೇ ಗೊತ್ತಿಲ್ಲ.
ಆದರೂ ಅಂದೆ, ಕೊನೀ ಅಂಕಿ ಬರಿ.
ಒದ್ದೆ ಬೆರಳಿನಿಂದ ಫರ್ಸಿಯ ಮೇಲೆ ಬರೆದ.
ಕನ್ನಡಕ ಕಿವಿಗೆ ಸಿಕ್ಕಿಸುವುದರೊಳಗೆ
ಮೇ ತಿಂಗಳ ಕಲ್ಲು ಅದನ್ನು ಕುಡಿದಿತ್ತು.

‘ಏನ್ ಬರದೀ?’ ಅಂದರೆ ನಕ್ಕ, ಸಾಲಿ ಬಿಟ್ಟವ,
ಕೈಗೆ ಹತ್ತಿದ ಹಾಗೆ ಬರೆದನಂತೆ, ಹೆಸರು ಗೊತ್ತಿಲ್ಲ.
‘ತಡೀರಿ, ಇನ್ನೊಮ್ಮಿ ಮುಟ್ಟಿ ಬರ್ತೀನಿ.’

ಅವನ ಅಂಗಿ ನನ್ನ ಕೈಯಲ್ಲಿ.
ನೀರು ಮುಚ್ಚಿಕೊಂಡಿತು.
ಹಳೇ ಚಟ, ಹೊತ್ತು ಎಣಿಸುತ್ತಿದ್ದೇನೆ.
ಮೂರು ದಾಟಿತು.
ಎಂಟಾಗಿಲ್ಲ ಇನ್ನೂ.