ಹಿಂದಕ್ಕೆ ನಡೆಯಬೇಡಿ

ಪೋರ್ಟ್ ಅಗಸ್ಟಾ ದಾಟಿದ ಮೇಲೆ ರೇಡಿಯೋ ಗೊರಗುಟ್ಟಿ
ಸುಮ್ಮನಾಯಿತು. ಆಮೇಲೆ ನಾವೂ.
ಬೆನ್ನ ಹಿಂದೆ ಸೆಕೆಂಡ್ ಹ್ಯಾಂಡ್ ಕ್ಯಾರವಾನು
ಅಡ್ಡಗಾಳಿ ಬೀಸಿದಾಗಲೆಲ್ಲ
ಸಂತೆಗೆ ಹೊರಡಲು ಒಲ್ಲದ ಹಸುವಿನ ಹಾಗೆ
ಹಗ್ಗ ಜಗ್ಗುತ್ತಿತ್ತು.
ಎದುರಿಗೆ ರೋಡ್ ಟ್ರೇನು ಬಂದರೆ ಟ್ರೆವರ್
ಸ್ಟಿಯರಿಂಗಿನಿಂದ ಒಂದೇ ಬೆರಳೆತ್ತುತ್ತಿದ್ದ,
ಈ ದಾರಿಯಲ್ಲಿ ಅದೇ ನಮಸ್ಕಾರ.
ಸತ್ತ ಕಾಂಗರೂ ಎಣಿಸುತ್ತಿದ್ದ ಇಮೋಜೆನ್
ನಲವತ್ತೊಂದಕ್ಕೆ ನಿಲ್ಲಿಸಿದಳು.
ಬೇಸರಕ್ಕಲ್ಲ.
ನಲವತ್ತೆರಡನೆಯದು ಇನ್ನೂ ಸತ್ತಿರಲಿಲ್ಲ.

ಗ್ಲೆಂಡಾಂಬೊದಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ
ಫ್ರಿಜ್ಜು ತಾನಾಗಿ ಬಾಯ್ದೆರೆದು,
ಹನ್ನೆರಡು ಮೊಟ್ಟೆ, ಒಂದು ಬಾಟಲಿ ಬೀಟ್‌ರೂಟು
ನೆಲದ ಮೇಲೆ ಸಂಸಾರ ಹೂಡಿದ್ದವು.
ನಾನು ಬೈಯಲಿಲ್ಲ. ಅವನು ನಗಲಿಲ್ಲ.
ಅವನು ನಗದಿದ್ದಾಗಲೇ ನನಗೆ ತಿಳಿಯಬೇಕಿತ್ತು.

ಊರು ಅಂದರೆ ಇಷ್ಟು:
ಯಾರೋ ಬೆಟ್ಟವನ್ನೇ ಜರಡಿ ಹಿಡಿದು
ಗುಡ್ಡೆ ಗುಡ್ಡೆ ಸುರಿದು
ಹೊತ್ತಾಯಿತೆಂದು ಎದ್ದು ಹೋದ ಹಾಗೆ.
ದಿಬ್ಬದ ಮೇಲೆ ಒಂದೇ ಮರ,
ಅದೂ ಕಬ್ಬಿಣದ್ದು, ಬೆಸುಗೆ ಹಾಕಿದ್ದು.
ನೆಲದಿಂದ ಎದ್ದ ಕೊಳವೆಗಳ ಬಾಯಲ್ಲಿ
ಈರುಳ್ಳಿ ಹುರಿದ ವಾಸನೆ.
ನಮ್ಮ ಕಾಲಡಿಯಲ್ಲಿ ಯಾರದೋ ಅಡುಗೆಮನೆ!
ಬೇಲಿಯ ಹಳದಿ ಹಲಗೆಯನ್ನು ಕಿಪ್ ಕೂಡಿಸಿ ಕೂಡಿಸಿ ಓದಿದ,
ಓದು ಹೊಸದಾಗಿ ಬಂದವನು:
ಓ-ಡ-ಬೇ-ಡಿ. ಹಿಂ-ದ-ಕ್ಕೆ ನ-ಡೆ-ಯ-ಬೇ-ಡಿ.
ಕೆಳಗೆ, ಕೈ ಬೀಸುತ್ತ ಬೀಳುತ್ತಿರುವ ಮನುಷ್ಯನ ಚಿತ್ರ.
ಅವನಿಗೆ ಮುಖ ಬರೆದಿರಲಿಲ್ಲ.

ಕ್ಯಾರವಾನು ನಿಲ್ಲಿಸುವ ಅಂಗಳದ ಒಡತಿ ಜೋರ್ಕಾ,
ಬೆಲ್‌ಗ್ರೇಡಿನಿಂದ ಮೂರು ತಿಂಗಳಿಗೆಂದು ಬಂದವಳು,
ನಲವತ್ತು ವರ್ಷದ ಹಿಂದೆ.
"ನಾಣ್ಯ ಹಾಕಿದರೆ ನೀರು. ಒಬ್ಬರಿಗೆ ನಾಲ್ಕು ನಿಮಿಷ.
ತಲೆ ತೊಳೆಯುವವರಿಗೆ ಲೆಕ್ಕ ಬರಬೇಕು" ಅಂದಳು.
ಆಮೇಲೆ ಟ್ರೆವರ್ ಕಡೆ ತಿರುಗಿ, ಬಲು ವಿಶ್ವಾಸದಿಂದ,
"ನಿಮ್ಮ ಗೂಟ ನಾಲ್ಕೂ ಹಾಗೇ ಇವೆ. ಯಾರೂ ಮುಟ್ಟಿಲ್ಲ."

ಯಾವ ಗೂಟ? ಎಂದೆ.

ಐವತ್ತು ಮೀಟರು ಉದ್ದ, ಐವತ್ತು ಅಗಲ,
ಮೂಲೆಗೊಂದು ಗೂಟ, ಗೂಟಕ್ಕೆ ಅವನ ಹೆಸರು.
ಮತ್ತೆ, ಮಣ್ಣು ಹೀರುವ ಹಳೆಯ ಲಾರಿಯೊಂದರಲ್ಲಿ ಅರ್ಧ ಪಾಲು.
ಕಾರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಬಾಗಿಲು ಕೂರಿಸಿದವನು, ಎಡಗಡೆಯ ಬಾಗಿಲು ಮಾತ್ರ;
ಕಾರ್ಖಾನೆ ತನ್ನ ಬಾಗಿಲು ಮುಚ್ಚುವಾಗ ಕೊಟ್ಟ ದುಡ್ಡು
ಈ ಬಿಳಿ ಮಣ್ಣಿನ ಕೆಳಗೆ ಎಲ್ಲೋ ಇದೆ.
ರಜೆ ಅಂದಿದ್ದೆಯಲ್ಲ? ಎಂದೆ.
"ರಜೆಯೇ" ಅಂದ. "ಇನ್ನೂ ಮುಗಿದಿಲ್ಲ, ಅಷ್ಟೆ."

ಸಂಜೆ ಜೋರ್ಕಾ ಕೊಟ್ಟ ಹಿಟ್ಟಿನ ಜರಡಿ ಹಿಡಿದು
ಮಕ್ಕಳೊಂದಿಗೆ ಬೇರೆಯವರು ಚೆಲ್ಲಿದ್ದನ್ನು ಕೆದಕಿದೆ.
ಕಿಪ್‌ಗೆ ಸಿಕ್ಕಿದ್ದು ಬಿಯರ್ ಬಾಟಲಿಯ ಹಸಿರು ಚೂರು.
ಇಮೋಜೆನ್‌ಗೆ ಒಂದು ಕಲ್ಲು:
ಉಗುಳು ಹಚ್ಚಿದರೆ ಒಳಗೆಲ್ಲೋ ನೀಲಿ,
ಆರಿದರೆ ಬರೀ ಕಲ್ಲು.
ಮತ್ತೆ ಮತ್ತೆ ಉಗುಳಿದಳು, ಬಾಯಿ ಒಣಗುವ ತನಕ.

ಹೊತ್ತು ಕಂತುವಾಗ ತನ್ನ ಗೂಟದ ಪಕ್ಕ ನಿಂತ ಟ್ರೆವರ್,
ಮಕ್ಕಳನ್ನು ಎಳೆದುಕೊಂಡು, ಫೋಟೋ ತೆಗೆ ಅಂದ.
ಮೂವರೂ ಚೌಕಟ್ಟಿಗೆ ಹಿಡಿಸಲಿಲ್ಲ.
ಒಂದೇ ಒಂದು ಹೆಜ್ಜೆ...
"ಅಮ್ಮಾ, ಹಿಂದಕ್ಕೆ ಬೇಡ!"
ಕಿಪ್ ಕೂಡಿಸದೆ ಕೂಗಿದ, ಒಂದೇ ಉಸಿರಿಗೆ.

ಹಿಮ್ಮಡಿಯ ಹಿಂದೆ, ಅನ್ನದ ಹಂಡೆಯಗಲ, ಕಪ್ಪು.
ಕಲ್ಲು ಹಾಕಿದೆ.
ಕಿವಿಗೊಟ್ಟೆ.
ಏನೂ ಕೇಳಿಸಲಿಲ್ಲ. ನನ್ನ ಎದೆಯ ಸದ್ದೇ ಜೋರಿತ್ತೋ ಏನೋ.
ಆ ಫೋಟೋದಲ್ಲಿ ಮಕ್ಕಳಿಬ್ಬರೂ ಪೂರ್ತಿ ಇದ್ದಾರೆ,
ಅವನ ಎಡಭುಜ ಇಲ್ಲ.

ರಾತ್ರಿ, ಕಾದ ತಗಡು ಚಟಚಟ ಆರುತ್ತಿದ್ದಾಗ,
ಎಷ್ಟು ಆಳ ಹೋಗಬೇಕು? ಎಂದು ಕೇಳಿದೆ, ಗೋಡೆಗೆ.
"ಹದಿನೆಂಟು ಮೀಟರು ಅಂತಾರೆ" ಅಂದಿತು ಗೋಡೆಯ ಈಚೆಗಿನ ದನಿ.
ಕತ್ತಲಲ್ಲೇ ಲೋಟದ ನಾಣ್ಯ ಎಣಿಸಿದೆ.
ನಾಲ್ಕು ಜನಕ್ಕೆ ಹದಿನಾರು ನಿಮಿಷ.
ಬೆಳಗ್ಗೆ ಮೊದಲು ನನ್ನ ತಲೆ ತೊಳೆಯಬೇಕು,
ಈ ಊರಿನ ಧೂಳು ಬುಡದಿಂದ ಹೋಗಬೇಕು:
ನನ್ನ ನಾಲ್ಕು ನಿಮಿಷ,
ಮತ್ತೆ ಅವನ ನಾಲ್ಕು.